ಒಂದೂ ಓಟು ಬೀಳದ ಮಸೂದೆ

2013ರ ಮಾರ್ಚ್ 19, ಮಂಗಳವಾರ. ಸೈಪ್ರಸ್‌ನ ರಾಜಧಾನಿ ನಿಕೋಸಿಯಾದಲ್ಲಿ ಸಂಸತ್ತು ಸೇರಿತ್ತು. ಒಟ್ಟು 56 ಸ್ಥಾನ. ಬ್ಯಾಂಕ್ ಠೇವಣಿಯ ಮೇಲೆ ತೆರಿಗೆ ಹಾಕುವ ಮಸೂದೆ ತಂದಿದ್ದು ಸರ್ಕಾರ. ಅದರ ಬೆನ್ನ ಹಿಂದೆ ಯೂರೋ ವಲಯದ ಹಣಕಾಸು ಸಚಿವರು, ಐರೋಪ್ಯ ಕೇಂದ್ರ ಬ್ಯಾಂಕ್, ಐಎಂಎಫ್ ಎಲ್ಲರೂ ನಿಂತಿದ್ದರು. ಮತ ಎಣಿಸಿದರು. ವಿರೋಧ 36. ತಟಸ್ಥ 19. ಒಬ್ಬರು ಗೈರು. ಪರವಾಗಿ ಬಿದ್ದದ್ದು ಸೊನ್ನೆ.

ಸರ್ಕಾರದ ಮಸೂದೆಗೆ ಸರ್ಕಾರದ ಕಡೆಯವರೇ ಓಟು ಹಾಕಲಿಲ್ಲ. ತಟಸ್ಥರಾದ 19 ಜನ ಅಧ್ಯಕ್ಷ ನಿಕೋಸ್ ಅನಸ್ತಾಸಿಯಾಡಿಸ್ ಅವರ ಸ್ವಂತ ಪಕ್ಷದವರು. ಅವರನ್ನು ಗೆಲ್ಲಿಸಲು ಕೈಜೋಡಿಸಿದ್ದ ಮಿತ್ರಪಕ್ಷ ಡಿಕೋ ನೇರವಾಗಿ ವಿರೋಧಿಸಿತು. ಹೊರಗೆ ಬೀದಿಯಲ್ಲಿ ನಿಂತಿದ್ದ ಜನ ಕುಣಿದಾಡಿದರು. ಕೆಲವರು ಅಂಗೈ ಮೇಲೆ 'ಬೇಡ' ಅಂತ ಬರೆದುಕೊಂಡು ಬಂದಿದ್ದರು. ಗ್ರೀಕ್‌ನಲ್ಲಿ 'ಓಹಿ' ಅಂದರೆ 'ಇಲ್ಲ, ಬೇಡ'. 1940ರಲ್ಲಿ ಮುಸೊಲಿನಿಯ ಗಡುವಿಗೆ ಗ್ರೀಸ್ 'ಓಹಿ' ಅಂದ ದಿನವನ್ನು ಗ್ರೀಕರೂ ಗ್ರೀಕ್ ಸೈಪ್ರಿಯಟ್ಟರೂ ಇವತ್ತಿಗೂ ಹಬ್ಬದ ಹಾಗೆ ಆಚರಿಸುತ್ತಾರೆ. ಹಾಗಾಗಿ ಅಲ್ಲಿ ಅದು ಬರೀ ಒಂದು ಪದ ಅಲ್ಲ.

ಆರು ದಿನ ಬಿಟ್ಟು ಬೇರೆ ಒಪ್ಪಂದ ಬಂತು. ಹಣ ಹೋಗೇ ಹೋಯಿತು. ಯಾರ ಹಣ ಅನ್ನುವುದು ಮಾತ್ರ ಬದಲಾಗಿತ್ತು. ಸಾಲದ ಬಿಕ್ಕಟ್ಟಿನಲ್ಲಿ ಸಂಸತ್ತಿನ 'ಬೇಡ'ಕ್ಕೆ ಎಷ್ಟು ತೂಕ ಇದೆ ಅಂತ ತಿಳಿಯಲು ಈ ಆರು ದಿನಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮೊದಲು ಆ ಮಸೂದೆಯಲ್ಲಿ ಏನಿತ್ತು ನೋಡೋಣ. ಮಾರ್ಚ್ 16ರ ಬೆಳಗಿನ ಜಾವ ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ನಡೆದ ಸಭೆ ಮುಗಿಯಿತು. ಸೈಪ್ರಸ್‌ಗೆ 1,000 ಕೋಟಿ ಯೂರೋ ಸಾಲ ಕೊಡಲು ಒಪ್ಪಿದರು. ಆದರೆ ಅಷ್ಟು ಸಾಲುವುದಿಲ್ಲ, ಇನ್ನೊಂದು 580 ಕೋಟಿಯನ್ನು ನೀವೇ ಹೊಂದಿಸಿ ಅಂದರು. ಎಲ್ಲಿಂದ? ಬ್ಯಾಂಕಿನಲ್ಲಿ ಜನ ಇಟ್ಟ ಠೇವಣಿಯಿಂದ. 1 ಲಕ್ಷ ಯೂರೋ ಒಳಗೆ ಇರುವವರಿಗೆ ಶೇ 6.75, ಅದಕ್ಕಿಂತ ಜಾಸ್ತಿ ಇದ್ದರೆ ಶೇ 9.9. ಒಂದೇ ಸಲದ ತೆರಿಗೆ ಅಂತ ಇದಕ್ಕೆ ಹೆಸರು.

ಉಳಿತಾಯ ಖಾತೆಯಲ್ಲಿ 5,000 ಯೂರೋ ಇಟ್ಟುಕೊಂಡ ಅಜ್ಜಿ ಶುಕ್ರವಾರ ರಾತ್ರಿ ಮಲಗಿ ಶನಿವಾರ ಏಳುವಷ್ಟರಲ್ಲಿ 337 ಯೂರೋ 50 ಸೆಂಟ್ ಕಳೆದುಕೊಳ್ಳುವ ಲೆಕ್ಕ ಇದು. ಐರೋಪ್ಯ ಒಕ್ಕೂಟದಲ್ಲಿ 1 ಲಕ್ಷ ಯೂರೋವರೆಗಿನ ಠೇವಣಿಗೆ ವಿಮೆ ಇದೆ. ಬ್ಯಾಂಕ್ ಮುಳುಗಿದರೆ ವಿಮೆ ಸಿಗುತ್ತದೆ. ಆದರೆ ಇಲ್ಲಿ ಬ್ಯಾಂಕನ್ನು ಮುಳುಗಲು ಬಿಡದೆ, ಸರ್ಕಾರವೇ ಠೇವಣಿಗೆ ಕೈ ಹಾಕಿ ಅದಕ್ಕೆ ತೆರಿಗೆ ಅಂತ ಹೆಸರಿಟ್ಟಿತು. ತೆರಿಗೆ ಅಂದ ಮೇಲೆ ವಿಮೆಯ ಮಾತೇ ಬರುವುದಿಲ್ಲ. ಜಾಣತನ ಅಂದರೆ ಇದು, ಅಲ್ವಾ?

ದಿನ ಆರಿಸಿದ್ದರಲ್ಲೂ ಜಾಣತನವಿತ್ತು. ಶನಿವಾರ, ಭಾನುವಾರ ಬ್ಯಾಂಕ್ ಇಲ್ಲ. ಸೋಮವಾರ ಅಲ್ಲಿ ರಜೆ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ದಿನ ಅದು. ಜನ ಬುತ್ತಿ ಕಟ್ಟಿಕೊಂಡು ಹೊಲದ ಕಡೆ ಹೋಗುತ್ತಾರೆ, ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಆ ವರ್ಷ ಜನ ಎಟಿಎಂ ಮುಂದೆ ಸಾಲು ನಿಂತರು. ಯಂತ್ರಗಳು ಬೇಗನೆ ಖಾಲಿಯಾದವು. ಲಿಮಾಸೋಲ್‌ನಲ್ಲಿ ಒಬ್ಬ ಸಹಕಾರಿ ಬ್ಯಾಂಕಿನ ಮುಂದೆ ಬುಲ್ಡೋಜರ್ ತಂದು ನಿಲ್ಲಿಸಿದ. ಸರ್ಕಾರ ಹೆದರಿತು. 20,000 ಯೂರೋ ಒಳಗಿನವರಿಗೆ ವಿನಾಯಿತಿ ಕೊಡುತ್ತೇವೆ ಅಂತ ಮಸೂದೆಯನ್ನು ತಿದ್ದಿತು. ಆಗಲೂ ಸದನದಲ್ಲಿ ಬಿದ್ದ ಓಟು ಸೊನ್ನೆಯೇ.

ಇಷ್ಟು ಪುಟ್ಟ ದೇಶಕ್ಕೆ ಈ ಗತಿ ಹೇಗೆ ಬಂತು? ದ್ವೀಪದ ದಕ್ಷಿಣ ಭಾಗದಲ್ಲಿ, ಅಂದರೆ ಈ ಸರ್ಕಾರದ ಕೈಯಲ್ಲಿರುವ ಕಡೆ, ಆಗ ಸುಮಾರು ಎಂಟೂವರೆ ಲಕ್ಷ ಜನ. ಮೈಸೂರು ನಗರಕ್ಕಿಂತ ಸ್ವಲ್ಪ ಕಮ್ಮಿ. ಅಲ್ಲಿನ ಬ್ಯಾಂಕುಗಳು ಮಾತ್ರ ದೇಶದ ಒಟ್ಟು ಉತ್ಪನ್ನದ ಸುಮಾರು ಏಳು ಪಟ್ಟು ಊದಿಕೊಂಡಿದ್ದವು. ಕಡಿಮೆ ತೆರಿಗೆ, ಒಳ್ಳೆ ಬಡ್ಡಿ ಅಂತ ರಷ್ಯಾದಿಂದ ಹಣ ಹರಿದು ಬಂದಿತ್ತು. ಬಂದ ಹಣದಲ್ಲಿ ಬ್ಯಾಂಕುಗಳು ಗ್ರೀಸ್ ಸರ್ಕಾರದ ಬಾಂಡ್ ಕೊಂಡವು, ಗ್ರೀಸ್‌ನಲ್ಲಿ ಸಾಲ ಹಂಚಿದವು. 2012ರಲ್ಲಿ ಗ್ರೀಸ್‌ನ ಸಾಲವನ್ನು ಕತ್ತರಿಸಿದಾಗ ಸೈಪ್ರಸ್‌ನ ಬ್ಯಾಂಕುಗಳು ಸುಮಾರು 450 ಕೋಟಿ ಯೂರೋ ಕಳೆದುಕೊಂಡವು. ದೇಶದ ವರ್ಷದ ದುಡಿಮೆಯ ಕಾಲು ಭಾಗ ಅದು. ಗ್ರೀಸ್‌ನ ಸಾಲ ಕತ್ತರಿಸುವ ತೀರ್ಮಾನಕ್ಕೆ ಸೈಪ್ರಸ್ ಸರ್ಕಾರವೂ ಒಪ್ಪಿತ್ತು ಅನ್ನುವುದನ್ನು ಮರೆಯಬಾರದು.

ಗಾಯದ ಮೇಲೆ ಬರೆ ಬೇರೆ. 2011ರ ಜುಲೈನಲ್ಲಿ ಮಾರಿ ಎಂಬಲ್ಲಿ ನೌಕಾನೆಲೆಯಲ್ಲಿ ಬಿಸಿಲಿಗೆ ಬಿಟ್ಟಿದ್ದ 98 ಕಂಟೇನರ್ ಮದ್ದುಗುಂಡು ಸಿಡಿಯಿತು. 13 ಜನ ಸತ್ತರು. ಪಕ್ಕದಲ್ಲೇ ಇದ್ದ ದೇಶದ ಅತಿ ದೊಡ್ಡ ವಿದ್ಯುತ್ ಸ್ಥಾವರ ಹಾಳಾಯಿತು. ಆಗಿನ ಅಧ್ಯಕ್ಷ ಡೆಮೆಟ್ರಿಸ್ ಕ್ರಿಸ್ಟೋಫಿಯಾಸ್ ರಷ್ಯಾದ ಹತ್ತಿರ 250 ಕೋಟಿ ಯೂರೋ ಸಾಲ ತಂದು ದಿನ ದೂಡಿದರು. 2012ರ ಜೂನ್‌ನಲ್ಲಿ ಕೊನೆಗೂ ಯುರೋಪಿನ ಮುಂದೆ ಕೈಚಾಚಿದರು. ಕ್ರಿಸ್ಟೋಫಿಯಾಸ್ ಅವರದು ಎಡಪಕ್ಷ ಅಕೆಲ್. 2013ರ ಫೆಬ್ರವರಿ ಕೊನೆಗೆ ಅವರ ಅವಧಿ ಮುಗಿಯಿತು. ಮೂರೇ ವಾರಕ್ಕೆ ಅದೇ ಅಕೆಲ್ ವಿರೋಧ ಪಕ್ಷದ ಸಾಲಿನಲ್ಲಿ ಕೂತು ಗಟ್ಟಿಯಾಗಿ 'ಓಹಿ' ಅಂದಿತು. ಸಾಲಕ್ಕೆ ಅರ್ಜಿ ಹಾಕಿದವರೇ ಅವರು! ಠೇವಣಿ ಮೇಲಿನ ತೆರಿಗೆ ತಪ್ಪು ಅನ್ನುವ ಅವರ ಮಾತು ಸರಿಯೇ ಇತ್ತು. ಆದರೆ ಬ್ಯಾಂಕುಗಳ ಗುಂಡಿ ಆಳವಾಗುತ್ತಿದ್ದಾಗ ಕುರ್ಚಿಯಲ್ಲಿ ಕೂತಿದ್ದೂ ಅವರೇ.

ಅನಸ್ತಾಸಿಯಾಡಿಸ್ ಕಥೆ ಇನ್ನೂ ಮಜಾ. ಠೇವಣಿ ಮುಟ್ಟಲು ಬಿಡಲ್ಲ ಅಂತ ಹೇಳಿಕೊಂಡೇ ಅಧಿಕಾರಕ್ಕೆ ಬಂದವರು ಅವರು. ಎರಡು ವಾರ ಕಳೆಯುವಷ್ಟರಲ್ಲಿ ಬ್ರಸೆಲ್ಸ್‌ನಲ್ಲಿ ತಲೆಯಾಡಿಸಿ ಬಂದರು.

ಇಷ್ಟು ಒತ್ತಡ ಇದ್ದರೂ ಸದಸ್ಯರು 'ಬೇಡ' ಅನ್ನಲು ಹೇಗೆ ಸಾಧ್ಯವಾಯಿತು? ಧೈರ್ಯ ಇತ್ತು, ನಿಜ. ಆದರೆ ವ್ಯವಸ್ಥೆಯೂ ನೆರವಿಗೆ ಬಂತು. ಸೈಪ್ರಸ್‌ನಲ್ಲಿ ಅಧ್ಯಕ್ಷೀಯ ಪದ್ಧತಿ ಇದೆ. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ. ಸದನದಲ್ಲಿ ಮಸೂದೆ ಬಿದ್ದರೆ ಸರ್ಕಾರ ಬೀಳುವುದಿಲ್ಲ. ಹಾಗಾಗಿ ಸ್ವಂತ ಪಕ್ಷದವರೂ ಕೈಕಟ್ಟಿ ಕೂರಬಹುದು. ನಮ್ಮಲ್ಲಿ ಹೀಗಾಗುತ್ತಾ ಯೋಚಿಸಿ. ಹಣಕಾಸು ಮಸೂದೆ ಬಿದ್ದರೆ ಸರ್ಕಾರವೇ ಹೋಗುತ್ತದೆ. ವಿಪ್ ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವಕ್ಕೇ ಕುತ್ತು.

ಮುಂದಿನ ಮೂರು ದಿನ ತುಂಬಾ ಬಿಸಿ. ಹಣಕಾಸು ಸಚಿವ ಮಿಖಾಲಿಸ್ ಸಾರಿಸ್ ಮಾಸ್ಕೋದಲ್ಲಿ ಕೂತು ರಷ್ಯಾದ ನೆರವು ಕೇಳಿದರು. ಬರಿಗೈಲಿ ವಾಪಸ್ ಬಂದರು. ಗುರುವಾರ, ಮಾರ್ಚ್ 21ರಂದು ಐರೋಪ್ಯ ಕೇಂದ್ರ ಬ್ಯಾಂಕ್ ಗಡುವು ಕೊಟ್ಟಿತು: ಸೋಮವಾರದವರೆಗೆ ಮಾತ್ರ ತುರ್ತು ನಗದು, ಆಮೇಲೆ ಇಲ್ಲ. ಈ ತುರ್ತು ನಗದು ಆ ಬ್ಯಾಂಕುಗಳಿಗೆ ಐಸಿಯುನಲ್ಲಿರುವ ರೋಗಿಯ ಆಮ್ಲಜನಕ ಇದ್ದ ಹಾಗೆ. ಕೊಳವೆ ಕಿತ್ತರೆ ಮುಗಿಯಿತು. ಇಡೀ ದೇಶ ಯೂರೋದಿಂದಲೇ ಹೊರಬೀಳುವ ಭಯ. ಯಾವ ದೇಶದ ಸಂಸತ್ತಿಗೂ ಉತ್ತರ ಹೇಳಬೇಕಿಲ್ಲದ ಸಂಸ್ಥೆಯೊಂದು ಬರೆದ ಒಂದು ಸಣ್ಣ ಹೇಳಿಕೆ, 36 ಓಟುಗಳ ಮೇಲೆ ಕೂತುಬಿಟ್ಟಿತು.

ಮರುದಿನ ಶುಕ್ರವಾರ ಅದೇ ಸದನ ಕೆಲವು ಕಾನೂನುಗಳನ್ನು ಅವಸರದಲ್ಲಿ ಪಾಸು ಮಾಡಿತು. ಅದರಲ್ಲಿ ಒಂದು, ಕುಸಿದ ಬ್ಯಾಂಕನ್ನು ಒಡೆದು ಮುಚ್ಚುವ ಅಧಿಕಾರ ಕೊಡುವ ಕಾನೂನು. ಇನ್ನೊಂದು, ಹಣ ದೇಶದಿಂದ ಹೊರಹೋಗದಂತೆ ತಡೆಯುವ ಕಾನೂನು. ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲಿನದು ತೆರಿಗೆ, ಅದಕ್ಕೆ ಸದನದ ಒಪ್ಪಿಗೆ ಬೇಕಿತ್ತು. ಈಗ ಬ್ಯಾಂಕ್ ಮುಚ್ಚುವ ಅಧಿಕಾರವನ್ನೇ ಕೊಟ್ಟಾಗಿದೆ. ಸೋಮವಾರ ಬೆಳಗಿನ ಜಾವ ಹೊಸ ಒಪ್ಪಂದ ಆದಾಗ, ಠೇವಣಿ ಕತ್ತರಿಸಲು ಮತ್ತೆ ಸದನವನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಮಂಗಳವಾರ 'ಬೇಡ' ಅಂದವರು, ಮುಂದಿನ 'ಬೇಡ' ಹೇಳುವ ಅವಕಾಶವನ್ನು ಶುಕ್ರವಾರ ತಾವೇ ಬರೆದುಕೊಟ್ಟಿದ್ದರು.

ಹೊಸ ಒಪ್ಪಂದದಲ್ಲಿ ಎರಡನೇ ದೊಡ್ಡ ಬ್ಯಾಂಕ್ ಲೈಕಿ ಮುಚ್ಚಿತು. ಅದರ ಒಳ್ಳೆ ಭಾಗ, ಜೊತೆಗೆ ಸುಮಾರು 900 ಕೋಟಿ ಯೂರೋ ತುರ್ತು ಸಾಲದ ಹೊರೆ, ಬ್ಯಾಂಕ್ ಆಫ್ ಸೈಪ್ರಸ್ ತಲೆ ಮೇಲೆ ಬಂತು. 1 ಲಕ್ಷ ಯೂರೋ ಒಳಗಿನ ಠೇವಣಿ ಪೂರ್ತಿ ಉಳಿಯಿತು. ಅಜ್ಜಿಯ 337 ಯೂರೋ ಉಳಿಯಿತು. ಮೇಲಿನವರಿಗೆ ಮಾತ್ರ ಬರಸಿಡಿಲು. ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ 1 ಲಕ್ಷ ಮೀರಿದ ಮೊತ್ತದ ಶೇ 47.5 ಭಾಗ ಆ ಬ್ಯಾಂಕಿನದೇ ಷೇರಾಗಿ ಬದಲಾಯಿತು. ಲೈಕಿಯಲ್ಲಿ ಇದ್ದವರ ಕಥೆ ಇನ್ನೂ ಕೆಟ್ಟದ್ದು, ಮೇಲಿನ ಹಣ ಸತ್ತ ಬ್ಯಾಂಕಿನ ಒಳಗೇ ಉಳಿಯಿತು.

ಲೆಕ್ಕ ಹಾಕಿ. ಖಾತೆಯಲ್ಲಿ 3 ಲಕ್ಷ ಯೂರೋ ಇದ್ದವರಿಗೆ ಮೊದಲ ಯೋಜನೆಯಲ್ಲಿ 30,000 ಒಳಗೆ ಹೋಗುತ್ತಿತ್ತು. ಎರಡನೆಯದರಲ್ಲಿ 95,000 ಹೋಯಿತು, ಬದಲಿಗೆ ಷೇರು ಕಾಗದ ಬಂತು.

ಯಾರು ಈ 3 ಲಕ್ಷದವರು? ರಷ್ಯಾದ ಕಪ್ಪುಹಣ ಅಂತ ಜರ್ಮನಿಯ ಪತ್ರಿಕೆಗಳು ಬರೆದವು. ಒಂದಷ್ಟು ಹಾಗೂ ಇತ್ತು. ಆದರೆ ಮನೆ ಮಾರಿ ಹಣ ಬ್ಯಾಂಕಿಗೆ ಹಾಕಿ, ಇನ್ನೊಂದು ಮನೆ ಕೊಳ್ಳಲು ವಾರ ಕಾಯುತ್ತಿದ್ದವರ ಹಣವೂ ಅದೇ ಖಾತೆಗಳಲ್ಲಿತ್ತು. ತಿಂಗಳ ಕೊನೆಗೆ ಸಂಬಳ ಕೊಡಬೇಕಾದ ಸಣ್ಣ ಕಂಪನಿಗಳ ಹಣ ಇತ್ತು. ನೌಕರರ ಭವಿಷ್ಯ ನಿಧಿಗಳ ಹಣವೂ ಇತ್ತು. ಒಂದೊಂದೇ ಖಾತೆಗೆ ಹರಡಿ ಹೋಗಬೇಕಿದ್ದ ನಷ್ಟ ಕೆಲವರ ಮೇಲೆ ಒಟ್ಟಿಗೆ ಬಿತ್ತು. ಇದು ನ್ಯಾಯವೋ ಅಲ್ಲವೋ? ಮೊದಲಿನದಕ್ಕಿಂತ ವಾಸಿ ಅಂತ ನನ್ನ ಅಭಿಪ್ರಾಯ. ವಿಮೆ ಇದೆ ಅಂತ ಮಾತು ಕೊಟ್ಟ ಮೇಲೆ ಆ ಮಾತು ಉಳಿಯಬೇಕು. ಸಣ್ಣವರ ಹಣ ಉಳಿದದ್ದು ಮಂಗಳವಾರದ ಆ 36 ಓಟಿನಿಂದಲೇ. ಸದನ ಸುಮ್ನೆ ತಲೆಯಾಡಿಸಿದ್ದರೆ ಬುಧವಾರ ಬೆಳಗ್ಗೆ 20,000 ಯೂರೋ ಮೀರಿದ ಎಲ್ಲರ ಖಾತೆಯಿಂದ ಕತ್ತರಿಸಿ ಆಗಿರುತ್ತಿತ್ತು.

ಬ್ಯಾಂಕುಗಳು ಮಾರ್ಚ್ 28ರಂದು ಬಾಗಿಲು ತೆಗೆದವು. ಸುಮಾರು ಎರಡು ವಾರ ಬಂದ್. ದಿನಕ್ಕೆ 300 ಯೂರೋ ಮಾತ್ರ ತೆಗೆಯಬಹುದು ಅಂತ ಮಿತಿ. ಕಡಿವಾಣಗಳು ಪೂರ್ತಿ ಹೋಗಿದ್ದು 2015ರ ಏಪ್ರಿಲ್‌ನಲ್ಲಿ. ಅಂದರೆ ಆ ಎರಡು ವರ್ಷ ಸೈಪ್ರಸ್‌ನ ಬ್ಯಾಂಕಿನಲ್ಲಿದ್ದ ಒಂದು ಯೂರೋ, ಜರ್ಮನಿಯ ಬ್ಯಾಂಕಿನಲ್ಲಿದ್ದ ಒಂದು ಯೂರೋಗೆ ಸಮ ಇರಲಿಲ್ಲ.

ಸಾಲದ ಒಪ್ಪಂದ ಮತ್ತೆ ಸದನಕ್ಕೆ ಬಂದಿದ್ದು ಏಪ್ರಿಲ್ 30ರಂದು. ಈ ಸಲ ಪರ 29, ವಿರೋಧ 27. ಎರಡೇ ಓಟಿನ ಅಂತರ. ಸಾಲದ ಜೊತೆ ಬಂದ ಷರತ್ತುಗಳು ಗೊತ್ತಿರುವಂಥವೇ: ಸಂಬಳ ಕಡಿತ, ತೆರಿಗೆ ಏರಿಕೆ, ಸರ್ಕಾರಿ ಸಂಸ್ಥೆಗಳ ಮಾರಾಟ. ಮುಂದಿನ ವರ್ಷ ಖಾಸಗೀಕರಣದ ಮಸೂದೆ ಬಂತು. ಟೆಲಿಫೋನ್, ಕರೆಂಟು, ಬಂದರು ಎಲ್ಲ ಪಟ್ಟಿಯಲ್ಲಿ. 2014ರ ಫೆಬ್ರವರಿ 27ರಂದು ಮತ ಹಾಕಿದಾಗ 25-25, ಐವರು ತಟಸ್ಥ. ಸಮ ಬಂದರೆ ಮಸೂದೆ ಬಿದ್ದಂತೆ. ಡಿಕೋ ಅಷ್ಟರಲ್ಲಿ ಸರ್ಕಾರದಿಂದ ಹೊರಬಂದಿತ್ತು. ನೌಕರರ ಹಕ್ಕಿನ ಬಗ್ಗೆ ಒಂದಷ್ಟು ಭರವಸೆ ಸೇರಿಸಿ ಮಾರ್ಚ್ 4ರಂದು ಮತ್ತೆ ತಂದರು. 30-26ರಲ್ಲಿ ಪಾಸಾಯಿತು. ಅದೇ ವರಸೆ. ಮೊದಲ 'ಬೇಡ'ಕ್ಕೆ ಒಂದು ತಿದ್ದುಪಡಿ ಸಿಗುತ್ತದೆ. ಎರಡನೇ ಸಲ 'ಬೇಡ' ಅನ್ನಲು ಗಡಿಯಾರ ಬಿಡುವುದಿಲ್ಲ.

ಇದಕ್ಕೆ ಪಕ್ಕಾ ತದ್ವಿರುದ್ಧ ಐರ್ಲೆಂಡ್. ಅಲ್ಲಿ ಸಂಸತ್ತು ಮೊದಲೇ 'ಹೂಂ' ಅಂದುಬಿಟ್ಟಿತ್ತು.

2008ರ ಸೆಪ್ಟೆಂಬರ್ 29ರ ರಾತ್ರಿ ಡಬ್ಲಿನ್‌ನಲ್ಲಿ ಪ್ರಧಾನಿ ಬ್ರಯನ್ ಕೋವೆನ್, ಹಣಕಾಸು ಸಚಿವ ಬ್ರಯನ್ ಲೆನಿಹನ್ ಮತ್ತು ಅಧಿಕಾರಿಗಳು ಕೂತು ಒಂದು ತೀರ್ಮಾನ ಮಾಡಿದರು. ದೇಶದ ಆರು ಬ್ಯಾಂಕುಗಳ ಸುಮಾರು 44,000 ಕೋಟಿ ಯೂರೋ ಹೊಣೆಗೆ ಸರ್ಕಾರದ ಗ್ಯಾರಂಟಿ. ಉಳಿದ ಮಂತ್ರಿಗಳಿಗೆ ನಡುರಾತ್ರಿ ಫೋನು ಮಾಡಿ ಒಪ್ಪಿಗೆ ಪಡೆದರು. ಆ ವಾರವೇ ಕಾನೂನು ಡಾಯ್ಲ್ ಎಂಬ ಕೆಳಮನೆಯಲ್ಲಿ 124-18ರಲ್ಲಿ ಪಾಸಾಯಿತು. ಪ್ರಮುಖ ವಿರೋಧ ಪಕ್ಷ ಫಿನಗೇಲ್ ಕೂಡ ಪರವಾಗಿಯೇ ನಿಂತಿತು. ಗಟ್ಟಿಯಾಗಿ ವಿರೋಧಿಸಿದ್ದು ಲೇಬರ್ ಪಕ್ಷ. ಎಷ್ಟು ಹೊಣೆ ಅಂತ ಲೆಕ್ಕವೇ ಗೊತ್ತಿಲ್ಲದೆ ಖಾಲಿ ಚೆಕ್‌ಗೆ ಸಹಿ ಹಾಕಬೇಡಿ ಅನ್ನುವುದು ಅವರ ವಾದದ ತಿರುಳು.

ಕೊನೆಗೆ ಆ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ಜನರ ದುಡ್ಡು ಸುಮಾರು 6,400 ಕೋಟಿ ಯೂರೋ ಹೋಯಿತು. ಆ ಹೊರೆಗೆ ಸರ್ಕಾರವೇ ಬಗ್ಗಿತು. 2010ರ ನವೆಂಬರ್‌ನಲ್ಲಿ ಸರ್ಕಾರವೇ 8,500 ಕೋಟಿಯ ನೆರವಿನ ಒಪ್ಪಂದಕ್ಕೆ ತಲೆಯಾಡಿಸಬೇಕಾಯಿತು. ಕನಿಷ್ಠ ವೇತನವನ್ನೂ ಬಿಡಲಿಲ್ಲ, ಗಂಟೆಗೆ 8.65 ಯೂರೋ ಇದ್ದದ್ದನ್ನು 7.65ಕ್ಕೆ ಇಳಿಸಿದರು. ಅದೇ ಹೊತ್ತಿಗೆ, ಮುಳುಗಿದ ಆಂಗ್ಲೋ ಐರಿಷ್ ಬ್ಯಾಂಕಿಗೆ ಸಾಲ ಕೊಟ್ಟಿದ್ದ ಹೂಡಿಕೆದಾರರಿಗೆ ಪೂರ್ತಿ ಹಣ ವಾಪಸ್ ಹೋಗುತ್ತಿತ್ತು. ಕಾರ್ಕ್ ಕೌಂಟಿಯ ಬ್ಯಾಲಿಹೇ ಎಂಬ ಹಳ್ಳಿಯವರು 2011ರ ಮಾರ್ಚ್‌ನಿಂದ ಪ್ರತಿ ಭಾನುವಾರ ಇದರ ವಿರುದ್ಧ ಮೆರವಣಿಗೆ ಹೊರಟರು. ವರ್ಷಗಟ್ಟಲೆ ಬಿಡದೆ ನಡೆದರು. ಸದನದಲ್ಲಿ ಹೇಳಬೇಕಾಗಿದ್ದ 'ಬೇಡ' ಅಲ್ಲಿ ಹಳ್ಳಿಯ ರಸ್ತೆಯಲ್ಲಿ ನಡೆದಾಡುತ್ತಿತ್ತು.

ಮುಂದೆ ಲೇಬರ್‌ಗೆ ಏನಾಯಿತು ಅನ್ನುವುದೇ ಈ ಕಥೆಯ ಕಹಿ ಭಾಗ. 2011ರ ಚುನಾವಣೆಯಲ್ಲಿ ಅವರ ಘೋಷಣೆ: ಫ್ರಾಂಕ್‌ಫರ್ಟ್ ದಾರಿಯೋ, ಲೇಬರ್ ದಾರಿಯೋ ಆರಿಸಿಕೊಳ್ಳಿ. ಐರೋಪ್ಯ ಕೇಂದ್ರ ಬ್ಯಾಂಕ್ ಇರುವ ಊರು ಫ್ರಾಂಕ್‌ಫರ್ಟ್. ಜನ 37 ಸ್ಥಾನ ಕೊಟ್ಟರು. ಗ್ಯಾರಂಟಿ ಕೊಟ್ಟ ಫಿಯನ್ನಾ ಫಾಲ್ ಪಕ್ಷ 20ಕ್ಕೆ ಕುಸಿಯಿತು. ಲೇಬರ್ ಸರ್ಕಾರ ಸೇರಿತು. ಕನಿಷ್ಠ ವೇತನವನ್ನು ಮತ್ತೆ ಏರಿಸಿತು, ಆಂಗ್ಲೋ ಬ್ಯಾಂಕಿಗೆ ಸರ್ಕಾರ ಬರೆದುಕೊಟ್ಟಿದ್ದ ಸಾಲಪತ್ರವನ್ನು 2013ರಲ್ಲಿ ದೀರ್ಘಾವಧಿಗೆ ಎಳೆಯುವುದರಲ್ಲಿ ಪಾಲು ಪಡೆಯಿತು. ಉಳಿದಂತೆ ನಡೆದದ್ದು ಫ್ರಾಂಕ್‌ಫರ್ಟ್ ದಾರಿಯಲ್ಲೇ. 2016ರಲ್ಲಿ ಜನ ಅವರಿಗೆ ಉಳಿಸಿದ್ದು 7 ಸ್ಥಾನ. 2008ರಲ್ಲಿ ಸರಿಯಾಗಿ ಹೇಳಿದ್ದ ಪಕ್ಷವೇ, ತಾನು ಬೇಡ ಅಂದಿದ್ದ ಬಿಲ್ ಕಟ್ಟುತ್ತಾ ಸವೆದುಹೋಯಿತು.

ಎರಡು ದೇಶ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇದು. ನಷ್ಟ ಯಾರ ಹೆಸರಿಗೆ ಅಂತ ಬರೆಯುವ ಮುಂಚೆ ಬಂದ 'ಬೇಡ'ಕ್ಕೆ ಬೆಲೆ ಜಾಸ್ತಿ. ಬರೆದ ಮೇಲೆ ಬಂದದ್ದು ಬರೀ ಭಾಷಣ. ಸೈಪ್ರಸ್‌ನಲ್ಲಿ ಸದನಕ್ಕೆ ಆ ಅವಕಾಶ ಮೂರು ದಿನ ಸಿಕ್ಕಿತು. ಐರ್ಲೆಂಡ್‌ನಲ್ಲಿ ಒಂದು ರಾತ್ರಿಯೂ ಸಿಗಲಿಲ್ಲ, ಬೆಳಗಾಗುವಷ್ಟರಲ್ಲಿ ಗ್ಯಾರಂಟಿ ಘೋಷಣೆ ಆಗಿತ್ತು.

ನಮ್ಮ ಪಕ್ಕದ ಶ್ರೀಲಂಕಾದಲ್ಲಿ 2023ರಲ್ಲಿ ಆದದ್ದೂ ಇದೇ ಜಾತಿಯದು. ದೇಶದೊಳಗಿನ ಸಾಲ ಕತ್ತರಿಸಬೇಕಿತ್ತು. ಬ್ಯಾಂಕುಗಳಿಗೆ ಐದು ದಿನ ರಜೆ ಕೊಟ್ಟು, ಜುಲೈ 1ರ ಶನಿವಾರ ಸದನದಲ್ಲಿ ಮತ ಹಾಕಿಸಿದರು. 122-62. ಬ್ಯಾಂಕುಗಳ ಕೈಯಲ್ಲಿದ್ದ ಸರ್ಕಾರಿ ಬಾಂಡ್‌ಗೆ ವಿನಾಯಿತಿ ಸಿಕ್ಕಿತು. ಹೊರೆ ಬಿದ್ದದ್ದು ನೌಕರರ ಭವಿಷ್ಯ ನಿಧಿಯ ಮೇಲೆ: ಬಾಂಡ್ ಬದಲಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಆದಾಯದ ಮೇಲಿನ ತೆರಿಗೆ ಶೇ 14ರಿಂದ 30ಕ್ಕೆ. ಬ್ಯಾಂಕ್ ಮುಟ್ಟಿದರೆ ಠೇವಣಿದಾರರು ಬೀದಿಗೆ ಬರುತ್ತಾರೆ, ನಿವೃತ್ತಿಯ ಹಣ ಮುಟ್ಟಿದರೆ ಇವತ್ತೇ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಲೆಕ್ಕ ಇದ್ದ ಹಾಗಿದೆ. ಆಗ ಬೀದಿಯಲ್ಲೂ ಸದನದಲ್ಲೂ ವಿರೋಧಿಸಿದ್ದ ಅನುರ ಕುಮಾರ ದಿಸ್ಸಾನಾಯಕೆ 2024ರಲ್ಲಿ ಅಧ್ಯಕ್ಷರಾದರು. ಅವರ ಕೂಟಕ್ಕೆ 225ರಲ್ಲಿ 159 ಸ್ಥಾನ ಬಂತು. ಐಎಂಎಫ್ ಕಾರ್ಯಕ್ರಮ ಮುಂದುವರಿಯಿತು.

ಸೈಪ್ರಸ್‌ನ ಗಾಳಿ ನಮ್ಮವರೆಗೂ ಬೀಸಿತ್ತು. 2017ರ ಆಗಸ್ಟ್‌ನಲ್ಲಿ ಲೋಕಸಭೆಗೆ ಒಂದು ಮಸೂದೆ ಬಂತು, ಕುಸಿಯುವ ಬ್ಯಾಂಕುಗಳನ್ನು ಸರಿಪಡಿಸುವುದಕ್ಕೆ. ಅದರಲ್ಲಿ 'ಬೇಲ್-ಇನ್' ಅನ್ನುವ ಕಲಂ ಇತ್ತು. ಅಂದರೆ ನಷ್ಟವನ್ನು ಹೊರಗಿನ ನೆರವಿನಿಂದ ತುಂಬದೆ, ಬ್ಯಾಂಕಿಗೆ ಹಣ ಕೊಟ್ಟವರಿಂದಲೇ ತುಂಬಿಸುವುದು. ವಾಟ್ಸಾಪ್‌ನಲ್ಲಿ ಸೈಪ್ರಸ್ ಹೆಸರು ಓಡಾಡಿತು. ಬ್ಯಾಂಕ್ ನೌಕರರ ಸಂಘಗಳು, ವಿರೋಧ ಪಕ್ಷಗಳು ಗಲಾಟೆ ಮಾಡಿದವು. ಹೆದರಿಕೆಯಲ್ಲಿ ಅರ್ಧ ಉತ್ಪ್ರೇಕ್ಷೆ ಇತ್ತು, ವಿಮೆಯೊಳಗಿನ ಠೇವಣಿ ಆ ಕಲಂನ ವ್ಯಾಪ್ತಿಗೆ ಬರುತ್ತಿರಲಿಲ್ಲ. ಆದರೆ ಆಗ ನಮ್ಮಲ್ಲಿ ವಿಮೆ ಇದ್ದದ್ದೇ 1 ಲಕ್ಷ ರೂಪಾಯಿಗೆ, ಅದೂ 1993ರಿಂದ. ನಿವೃತ್ತಿಯಾಗಿ ಬಂದ ಹಣವನ್ನು ಎಫ್‌ಡಿ ಇಟ್ಟವರ ಪಾಲಿಗೆ ಅದು ಯಾವ ಮೂಲೆಗೆ ಸಾಕು? 2018ರ ಆಗಸ್ಟ್‌ನಲ್ಲಿ ಸರ್ಕಾರ ಮಸೂದೆಯನ್ನು ವಾಪಸ್ ಪಡೆಯಿತು. ಸದನದಲ್ಲಿ ಮತ ಎಣಿಸುವ ಹಂತಕ್ಕೇ ಅದು ಹೋಗಲಿಲ್ಲ.

2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮುಂದೆ ಬೆಳಗ್ಗೆಯಿಂದ ಜನ ಸೇರಿದ್ದರು. ಹೆಚ್ಚಿನವರು ನಿವೃತ್ತರು, ಕೈಯಲ್ಲಿ ಎಫ್‌ಡಿ ರಸೀದಿಗಳ ಪ್ಲಾಸ್ಟಿಕ್ ಕವರ್. ಇನ್ನು ಒಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯಲು ಬಿಡುತ್ತೇವೆ ಅಂತ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿತ್ತು. ಮುಂದಿನ ತಿಂಗಳು, ಫೆಬ್ರವರಿ 4ರಿಂದ, ದೇಶದಲ್ಲಿ ಠೇವಣಿ ವಿಮೆ 5 ಲಕ್ಷಕ್ಕೆ ಏರಿತು.